ಸೈರ್ಯಾಕ್‌ನಿಂದ ಎಸ್‌ಎಂಪಿಎಸ್‌ವರೆಗೆ: ಗಣಕದ ಸದ್ದು ಅಡಗಿದ ಕಥೆ

ಮೆಲ್ಬರ್ನಿನ ಸ್ಪಾಟ್ಸ್‌ವುಡ್‌ನಲ್ಲಿರುವ ಸೈನ್ಸ್‌ವರ್ಕ್ಸ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದವರು ಅಲ್ಲಿನ ಸೈರ್ಯಾಕ್ ಗಣಕಯಂತ್ರವನ್ನು ನೋಡಿರಬಹುದು. ಆಸ್ಟ್ರೇಲಿಯಾದ ಈ ಮೊದಲ ಗಣಕ ಹುಟ್ಟಿದ್ದು ಸಿಡ್ನಿಯಲ್ಲಿ. ಸಿಡ್ನಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಸಿಎಸ್‌ಐಆರ್‌ನ ರೇಡಿಯೋ ಭೌತವಿಜ್ಞಾನ ಪ್ರಯೋಗಾಲಯದಲ್ಲಿ (ಇದು ಭಾರತದ ಸಿಎಸ್‌ಐಆರ್ ಅಲ್ಲ, ಇಂದಿನ ಸಿಎಸ್‌ಐಆರ್‌ಒದ ಪೂರ್ವರೂಪ) ಟ್ರೆವರ್ ಪಿಯರ್ಸಿ ಮತ್ತು ಮ್ಯಾಸ್ಟನ್ ಬಿಯರ್ಡ್ ಅವರು ರೂಪಿಸಿದ ಈ ಯಂತ್ರ 1949ರ ನವೆಂಬರ್‌ನಲ್ಲಿ ಮೊದಲ ಪ್ರೋಗ್ರಾಮನ್ನು ನಡೆಸಿತು. ಅಂಗಡಿಯಲ್ಲಿ ಗಣಕ ದೊರೆಯದ ಕಾಲವದು. ಬೇಕಾದವರು ತಾವೇ ಕಟ್ಟಿಕೊಳ್ಳಬೇಕಿತ್ತು. ಆ ಅರ್ಥದಲ್ಲಿ ಸೈರ್ಯಾಕ್ ಈ ದೇಶದ ಮೊತ್ತಮೊದಲ 'ಅಸೆಂಬಲ್ಡ್' ಗಣಕ.

ಅದರಲ್ಲಿದ್ದ ವಾಲ್ವ್‌ಗಳು ಸುಮಾರು 2000. ನಮ್ಮ ಅಜ್ಜಂದಿರ ರೇಡಿಯೋದಲ್ಲಿ ಕೆಂಪಗೆ ಹೊಳೆಯುತ್ತಿದ್ದವಲ್ಲ, ಅಂಥವೇ. ಯಂತ್ರ ಹೀರುತ್ತಿದ್ದ ವಿದ್ಯುತ್ತು ಸುಮಾರು 30 ಕಿಲೋವ್ಯಾಟ್. ಒಂದು ಬೀದಿಯ ಮನೆಗಳಿಗೆ ಸಾಕಾಗುವಷ್ಟು. ಇಷ್ಟಾದರೂ ಅದು ಸೆಕೆಂಡಿಗೆ ಪಾಲಿಸುತ್ತಿದ್ದ ಆದೇಶಗಳು ಸಾವಿರವನ್ನು ಮೀರುತ್ತಿರಲಿಲ್ಲ. ಉಂಡ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಕೋಣೆಗೆ ಬರುತ್ತಿತ್ತು, ಆ ಶಾಖವನ್ನು ಹೊರದೂಡಲು ಗಾಳಿ ಬೀಸಬೇಕಿತ್ತು. ವಿಶೇಷವೆಂದರೆ ಈ ಯಂತ್ರದಲ್ಲಿ ಸದ್ದಿಗೂ ಒಂದು ಕೆಲಸವಿತ್ತು. ಅದರ ನೆನಪಿನ ಶಕ್ತಿಯೇ ಪಾದರಸದ ಕೊಳವೆಗಳಲ್ಲಿ ಓಡುವ ಧ್ವನಿತರಂಗಗಳಾಗಿತ್ತು. ಜೋಡಿಸಿದ್ದ ಧ್ವನಿವರ್ಧಕದಿಂದ ಹೊಮ್ಮುವ ನಾದವನ್ನು ಕೇಳಿಯೇ ಲೆಕ್ಕ ಎಲ್ಲಿಗೆ ಬಂದಿದೆ ಎಂದು ತಿಳಿಯುತ್ತಿದ್ದರು. ಜೆಫ್ ಹಿಲ್ ಎಂಬ ಪ್ರೋಗ್ರಾಮರ್ ಅದೇ ಧ್ವನಿವರ್ಧಕದಲ್ಲಿ ರಾಗಗಳನ್ನು ನುಡಿಸಿದರು; 1951ರಲ್ಲಿ ಸಿಡ್ನಿಯ ಸಮ್ಮೇಳನವೊಂದರಲ್ಲಿ ಸಭಿಕರೂ ಅದನ್ನು ಕೇಳಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬದುಕುವ ನನ್ನಂಥವನಿಗೆ ಈ ವಿವರ ಬಹಳ ಹಿಡಿಸಿತು. 1955ರಲ್ಲಿ ಯಂತ್ರವನ್ನು ಬಿಚ್ಚಿ ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಅಲ್ಲಿ 1956ರ ಜೂನ್‌ನಿಂದ 1964ರ ನವೆಂಬರ್‌ವರೆಗೆ ಅದು ದುಡಿಯಿತು.

ಈ ಹಳೆಯ ಕಥೆಯನ್ನು ಈಗ ತೆಗೆದದ್ದಕ್ಕೆ ಕಾರಣವಿದೆ. ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಬರುವ ನಮ್ಮ ತಂದೆತಾಯಂದಿರ ಸೋಬಾನೆ ಪದ, ಬೀಸುವ ಪದ, ಊರಿನ ನೆನಪುಗಳನ್ನು ದಾಖಲಿಸಬೇಕೆಂದು ಕೆಲವು ಸ್ವಯಂಸೇವಕರು ಮನೆಯಲ್ಲೇ ಗಣಕವೊಂದನ್ನು ಜೋಡಿಸಲು ಹೊರಟಿದ್ದಾರೆ. ಹಾಡುವ ಅಜ್ಜಿಯೂ ಗಣಕವೂ ಒಂದೇ ಕೋಣೆಯಲ್ಲಿರುತ್ತಾರೆ. ಫ್ಯಾನಿನ ಗುಂಯ್‌ಗುಡುವಿಕೆ ಒಮ್ಮೆ ದಾಖಲಾದರೆ ಸ್ವರವನ್ನು ಕೆಡಿಸದೆ ಅದನ್ನು ಬೇರ್ಪಡಿಸುವುದು ಕಷ್ಟ. ಅಜ್ಜಿ ಮುಂದಿನ ವರ್ಷ ಬರುತ್ತಾರೆಂಬ ಖಾತ್ರಿಯೂ ಇಲ್ಲ. ಹಾಗಾಗಿ ಯಾವ ಪವರ್ ಸಪ್ಲೈ ಕೊಳ್ಳಬೇಕು ಎಂಬ ಪ್ರಶ್ನೆ ನನ್ನವರೆಗೂ ಬಂತು. ಬೆಂಗಳೂರಿನಲ್ಲಿ ನಾವೆಲ್ಲ ಎಸ್‌ಎಂಪಿಎಸ್ ಎಂದು ಕರೆಯುವ ಡಬ್ಬಿ ಅದು.

ಆ ಹೆಸರಿನಲ್ಲೇ ಅರ್ಧ ಚರಿತ್ರೆಯಿದೆ. ಗೋಡೆಯ 230 ವೋಲ್ಟನ್ನು ಗಣಕಕ್ಕೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಹಳೆಯ ಪದ್ಧತಿಯಲ್ಲಿ ಕಬ್ಬಿಣದ ಭಾರೀ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತಿತ್ತು, ಹೆಚ್ಚಾದದ್ದನ್ನು ಶಾಖವಾಗಿ ಚೆಲ್ಲುತ್ತಿದ್ದರು. ಹೊಸ ಪದ್ಧತಿಯಲ್ಲಿ ಟ್ರಾನ್ಸಿಸ್ಟರ್ ಒಂದು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಸ್ವಿಚ್ಚಿನಂತೆ ಆನ್-ಆಫ್ ಆಗುತ್ತ ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ತಂತ್ರ ಹಳೆಯದೇ, ಮನೆಯ ಗಣಕದಲ್ಲಿ ಅದರ ಬೆಲೆ ತೋರಿಸಿಕೊಟ್ಟದ್ದು 1977ರ ಆಪಲ್-2. ರಾಡ್ ಹೋಲ್ಟ್ ರೂಪಿಸಿದ ಅದರ ಪುಟ್ಟ ಸಪ್ಲೈ ತಣ್ಣಗಿದ್ದುದರಿಂದ ಯಂತ್ರಕ್ಕೆ ಫ್ಯಾನೇ ಬೇಕಾಗಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಫ್ಯಾನ್ ಇತ್ತು. ಅದರ ಸಪ್ಲೈ 63.5 ವ್ಯಾಟ್‌ನದು. ಮುಂದಿನ ಇಪ್ಪತ್ತು ವರ್ಷ ವ್ಯಾಟ್ ಏರಿತು, ಸದ್ದೂ ಏರಿತು.

ಅದೇ ವೇಳೆಗೆ ಎಸ್.ಪಿ. ರಸ್ತೆಯಲ್ಲಿ ಗಣಕ ಜೋಡಿಸಿಕೊಂಡವರಿಗೆ ಸದ್ದಿನ ಚಿಂತೆಯಿರಲಿಲ್ಲ, ಕರೆಂಟಿನ ಚಿಂತೆಯಿತ್ತು. 1902ರಲ್ಲೇ ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿ, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿಸಿದ ನಾಡಿನಲ್ಲಿ ನನ್ನ ಎಂಬಿಬಿಎಸ್ ದಿನಗಳು ಲೋಡ್‌ಶೆಡ್ಡಿಂಗಿನ ವೇಳಾಪಟ್ಟಿಯ ಪ್ರಕಾರ ನಡೆದವು. ಯುಪಿಎಸ್ ಇದ್ದರೂ ಗಣಕ ರೀಬೂಟ್ ಆಗುತ್ತಿತ್ತು. ಕಾರಣ ಸರಳ: ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡ್ ಬೇಕು. ಆ ಅವಧಿಯನ್ನು ಎಸ್‌ಎಂಪಿಎಸ್‌ನ ದೊಡ್ಡ ಕೆಪ್ಯಾಸಿಟರ್ ತನ್ನ ದಾಸ್ತಾನಿನಿಂದ ತುಂಬಿಕೊಡಬೇಕು. ಮಾನದಂಡವು 16 ಮಿಲಿಸೆಕೆಂಡ್‌ನಷ್ಟನ್ನು ಕೇಳುತ್ತದೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬರುತ್ತಿದ್ದ ಡಬ್ಬಿಗಳು ಕೆಪ್ಯಾಸಿಟರಿನಲ್ಲೇ ಜಿಪುಣತನ ತೋರುತ್ತಿದ್ದವು. ಡಬ್ಬಿಯ ಮೇಲೆ ಮಾತ್ರ 450 ವ್ಯಾಟ್ ಎಂದು ಧಾರಾಳವಾಗಿ ಬರೆದಿರುತ್ತಿತ್ತು.

ಕಥೆ ತಿರುವು ಪಡೆದದ್ದು 2004ರಲ್ಲಿ, ಅಮೆರಿಕದಲ್ಲಿ '80 ಪ್ಲಸ್' ಎಂಬ ದಕ್ಷತೆಯ ಪ್ರಮಾಣಪತ್ರ ಆರಂಭವಾದಾಗ. ಉದ್ದೇಶ ವಿದ್ಯುತ್ ಉಳಿತಾಯ. ಮೌನ ಕೊಸರಾಗಿ ಬಂತು. ಲೆಕ್ಕ ನೋಡಿ: ಗಣಕಕ್ಕೆ 200 ವ್ಯಾಟ್ ಬೇಕೆನ್ನಿ. ನೂರಕ್ಕೆ 70ರ ದಕ್ಷತೆಯ ಹಳೆಯ ಸಪ್ಲೈ ಗೋಡೆಯಿಂದ 286 ವ್ಯಾಟ್ ಎಳೆದು 86ನ್ನು ಶಾಖ ಮಾಡುತ್ತದೆ. 90ರದು 222 ಎಳೆದು ಬರೀ 22ನ್ನು. ಶಾಖ ಕಾಲುಭಾಗಕ್ಕಿಳಿದರೆ ಫ್ಯಾನ್ ನಿಧಾನವಾಗಿ ತಿರುಗಬಹುದು, ಮತ್ತು ಫ್ಯಾನಿನ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಕುಗ್ಗುತ್ತದೆ. ಬಾಳಿಕೆಯ ಗುಟ್ಟೂ ಇಲ್ಲೇ ಇದೆ. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯುಷ್ಯ, ತಾಪ 10 ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ಸದ್ದಿಲ್ಲದ್ದು ಬೇಕೋ ಬಾಳಿಕೆಯದು ಬೇಕೋ ಎಂದು ಕೇಳುವವರಿಗೆ ನನ್ನ ಉತ್ತರ, ಅವೆರಡೂ ಒಂದೇ ಬೇರಿನ ಗಿಡಗಳು. 2020ರ ಜನವರಿ 4ರಂದು 48.9 ಡಿಗ್ರಿ ಕಂಡ ಪೆನ್ರಿತ್‌ನ ಸುತ್ತಮುತ್ತ, ನಮ್ಮವರು ಹೆಚ್ಚಾಗಿ ನೆಲೆಸಿರುವ ಪಶ್ಚಿಮ ಸಿಡ್ನಿಯಲ್ಲಿ, ಇದು ಬರಿಯ ಸಿದ್ಧಾಂತವಲ್ಲ.

ನಮ್ಮ ತಂಡಕ್ಕೆ ನಾನು ಸೂಚಿಸಿದ್ದು 80 ಪ್ಲಸ್ ಗೋಲ್ಡ್ ದರ್ಜೆಯ 550 ವ್ಯಾಟ್ ಸಪ್ಲೈ, ಏಳು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ. ಗಣಕ ನಿಜವಾಗಿ ಬಳಸುವುದರ ಇಮ್ಮಡಿಗಿಂತ ಸ್ವಲ್ಪ ಹೆಚ್ಚಿನ ಸಾಮರ್ಥ್ಯವಿದ್ದರೆ ಸಾಕು; ಸಾವಿರ ವ್ಯಾಟ್ ಬೇಡ. 80 ಪ್ಲಸ್ ಮುದ್ರೆ ಸದ್ದನ್ನು ಅಳೆಯುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಸೈಪ್ರಸ್‌ನ ಸೈಬೆನೆಟಿಕ್ಸ್ ಸಂಸ್ಥೆ ಸದ್ದಿಗೂ ಪ್ರತ್ಯೇಕ ದರ್ಜೆ ಕೊಡುತ್ತದೆ. ಪೆಟ್ಟಿಗೆಯ ಮೇಲೆ ಅದನ್ನೂ ಹುಡುಕಬೇಕು. ಫ್ಯಾನ್ ನಿಂತರೂ ಒಳಗಿನ ಸುರುಳಿಗಳು ಕಂಪಿಸಿ ಕೀರಲು ದನಿ ಹೊರಡಿಸುವುದುಂಟು. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ಎತ್ತರದ ಸ್ವರಗಳ ಶ್ರವಣ. ಆದ್ದರಿಂದ ಪರೀಕ್ಷಿಸುವಾಗ ನಲವತ್ತು ದಾಟಿದ ನಮ್ಮ ಕಿವಿಯನ್ನು ನಂಬದೆ ಮನೆಯ ಮಕ್ಕಳನ್ನು ಕೂರಿಸಿಕೊಳ್ಳುವುದು ಲೇಸು.

ಭಾರತದಂತೆ ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಊರಿನಿಂದ ತಂದದ್ದು ಪ್ಲಗ್ ಬದಲಿಸಿದರೆ ನಡೆಯುತ್ತದೆ. ಅಮೆರಿಕದಿಂದ ವಲಸೆ ಬಂದ ಕುಟುಂಬಗಳು ಮಾತ್ರ ಹಳೆಯ ಡಬ್ಬಿಯ ಹಿಂಬದಿಯ ಕೆಂಪು ಸ್ವಿಚ್ಚನ್ನು ನೋಡಬೇಕು. 115ಕ್ಕೆ ಇಟ್ಟದ್ದನ್ನು ಇಲ್ಲಿಯ ಗೋಡೆಗೆ ಜೋಡಿಸಿದರೆ ಸಿಡಿಯುವುದು ಖಚಿತ.

ವೈದ್ಯನಾಗಿ ಒಂದು ಮಾತು. ಕೆಟ್ಟ ಸಪ್ಲೈಯನ್ನು ಬಿಚ್ಚಿ ರಿಪೇರಿ ಮಾಡಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ನಿಂತುಹೋಗುವ ಹೃದಯಕ್ಕೆ ನಾವು ಆಸ್ಪತ್ರೆಯಲ್ಲಿ ಆಘಾತ ಕೊಡುವ ಡಿಫಿಬ್ರಿಲೇಟರ್ ಕೂಡ ಕೆಪ್ಯಾಸಿಟರಿನಿಂದಲೇ ನಡೆಯುವುದು. ಹಳೆಯದನ್ನು ಕಸದ ಡಬ್ಬಿಗೂ ಎಸೆಯುವಂತಿಲ್ಲ: ವಿಕ್ಟೋರಿಯಾದಲ್ಲಿ 2019ರ ಜುಲೈ 1ರಿಂದ ವಿದ್ಯುನ್ಮಾನ ತ್ಯಾಜ್ಯವನ್ನು ನೆಲಭರ್ತಿಗೆ ಕಳುಹಿಸುವುದು ನಿಷಿದ್ಧ. 2011ರಲ್ಲಿ ಆರಂಭವಾದ ರಾಷ್ಟ್ರೀಯ ಟಿವಿ ಮತ್ತು ಗಣಕ ಮರುಬಳಕೆ ಯೋಜನೆಯ ಸಂಗ್ರಹ ಕೇಂದ್ರಗಳು ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಗಣಕದ ಬಿಡಿಭಾಗಗಳನ್ನು ಶುಲ್ಕವಿಲ್ಲದೆ ತೆಗೆದುಕೊಳ್ಳುತ್ತವೆ.