ಐರೋಪ್ಯ ಒಕ್ಕೂಟದಿಂದ ಬ್ರಿಟನ್ನಿನ ನಿರ್ಗಮನ: ಸಂಸತ್ತಿನ ಮತದಾನಗಳು ಮತ್ತು ಅನಿಶ್ಚಯದ ವರ್ಷಗಳು

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ದೇಶವು ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ? ಉತ್ತರ ಮರುದಿನ ಬೆಳಗಾಗುವುದರೊಳಗೆ ದೊರೆಯಿತು. ಆದರೆ ಆ ಉತ್ತರವನ್ನು ಕಾರ್ಯರೂಪಕ್ಕೆ ತರಲು ಅಲ್ಲಿನ ಸಂಸತ್ತಿಗೆ ಮೂರೂವರೆ ವರ್ಷಗಳು ಹಿಡಿದವು. ಅಷ್ಟರಲ್ಲಿ ಇಬ್ಬರು ಪ್ರಧಾನಿಗಳು ಪದವಿ ತ್ಯಜಿಸಿದ್ದರು, ಎರಡು ಮಹಾಚುನಾವಣೆಗಳು ನಡೆದಿದ್ದವು, ಸರ್ವೋಚ್ಚ ನ್ಯಾಯಾಲಯವು ಎರಡು ಬಾರಿ ಸರ್ಕಾರದ ವಿರುದ್ಧ ತೀರ್ಪು ನೀಡಿತ್ತು. 'ಬ್ರೆಕ್ಸಿಟ್' ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಈ ಪ್ರಕರಣವನ್ನು, ವಿಶೇಷವಾಗಿ ಕಾಮನ್ಸ್ ಸಭೆಯ ಮತದಾನಗಳನ್ನು, ನಮ್ಮ ಓದುಗರ ಅನುಕೂಲಕ್ಕಾಗಿ ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇವೆ.

ಒಕ್ಕೂಟದ ಹಿನ್ನೆಲೆ

ಎರಡನೆಯ ಮಹಾಯುದ್ಧದಿಂದ ಜರ್ಝರಿತವಾಗಿದ್ದ ಯುರೋಪಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳು 1957ರ ರೋಮ್ ಒಪ್ಪಂದದ ಮೂಲಕ ಐರೋಪ್ಯ ಆರ್ಥಿಕ ಸಮುದಾಯವನ್ನು ಸ್ಥಾಪಿಸಿದವು. ಬ್ರಿಟನ್ ಮೊದಲು ದೂರವೇ ಉಳಿಯಿತು. ಆಮೇಲೆ ಸೇರಬಯಸಿದಾಗ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಅವರು 1963ರಲ್ಲಿ ಮತ್ತು 1967ರಲ್ಲಿ ಅಡ್ಡಿಪಡಿಸಿದರು. ಕೊನೆಗೆ 1973ರ ಜನವರಿ 1ರಂದು, ಎಡ್ವರ್ಡ್ ಹೀತ್ ಅವರು ಪ್ರಧಾನಿಯಾಗಿದ್ದಾಗ, ಬ್ರಿಟನ್ ಸದಸ್ಯ ರಾಷ್ಟ್ರವಾಯಿತು. 1975ರಲ್ಲಿ ಇದೇ ವಿಷಯದ ಮೇಲೆ ನಡೆದ ಜನಮತಗಣನೆಯಲ್ಲಿ ಶೇಕಡಾ 67ರಷ್ಟು ಮತದಾರರು ಉಳಿಯುವುದನ್ನು ಬೆಂಬಲಿಸಿದರು.

1993ರಲ್ಲಿ ಏಕ ಮಾರುಕಟ್ಟೆ ಜಾರಿಗೆ ಬಂದಿತು. ಅದೇ ವರ್ಷ ಮಾಸ್ಟ್ರಿಕ್ಟ್ ಒಪ್ಪಂದದ ಫಲವಾಗಿ ಸಮುದಾಯವು ಐರೋಪ್ಯ ಒಕ್ಕೂಟವಾಗಿ ರೂಪುಗೊಂಡಿತು. ಸರಕು, ಸೇವೆ, ಬಂಡವಾಳ ಮತ್ತು ಜನರ ಮುಕ್ತ ಸಂಚಾರ ಇದರ ನಾಲ್ಕು ಆಧಾರಸ್ತಂಭಗಳು. ಹೊರನಾಡ ಕನ್ನಡಿಗರಾದ ನಮಗೆ ಇದರ ಅರ್ಥ ಸುಲಭವಾಗಿ ಆಗುತ್ತದೆ. ಧಾರವಾಡದಿಂದ ಮುಂಬಯಿಗೋ ಮಂಗಳೂರಿನಿಂದ ಪುಣೆಗೋ ಬಂದು ನೆಲೆಸಲು ನಾವು ಯಾರ ಅನುಮತಿಯನ್ನೂ ಕೇಳಲಿಲ್ಲ. ಪೋಲೆಂಡಿನ ಕಾರ್ಮಿಕನಿಗೆ ಲಂಡನ್ನಿನಲ್ಲಿ, ಇಂಗ್ಲೆಂಡಿನ ನಿವೃತ್ತ ಶಿಕ್ಷಕಿಗೆ ಸ್ಪೇನಿನಲ್ಲಿ ಇದ್ದದ್ದು ಅಂಥದೇ ಹಕ್ಕು. ವ್ಯತ್ಯಾಸವೆಂದರೆ ನಮ್ಮದು ಸಂವಿಧಾನ ಕೊಟ್ಟ ಹಕ್ಕು, ಅವರದು ಒಪ್ಪಂದ ಕೊಟ್ಟ ಹಕ್ಕು. ಒಪ್ಪಂದದಿಂದ ದೇಶವೊಂದು ಹೊರಬಂದರೆ ಆ ಹಕ್ಕೂ ಕೊನೆಗೊಳ್ಳುತ್ತದೆ.

ಜನಮತಗಣನೆ

ಕನ್ಸರ್ವೇಟಿವ್ ಪಕ್ಷದೊಳಗೆ ಯುರೋಪಿನ ವಿಚಾರವಾಗಿ ದಶಕಗಳ ಒಡಕಿತ್ತು. ಅದನ್ನು ಶಮನಗೊಳಿಸಲು ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರು 2013ರಲ್ಲಿ ಜನಮತಗಣನೆಯ ವಾಗ್ದಾನ ಮಾಡಿದರು. 2015ರಲ್ಲಿ ಬಹುಮತ ಬಂದಾಗ ಅದನ್ನು ಪಾಲಿಸಬೇಕಾಯಿತು. ಫಲಿತಾಂಶ ಹೀಗಿತ್ತು: ಹೊರಬರಲು 1,74,10,742 ಮತಗಳು, ಎಂದರೆ ಶೇಕಡಾ 51.9, ಉಳಿಯಲು 1,61,41,241 ಮತಗಳು, ಎಂದರೆ ಶೇಕಡಾ 48.1. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಬರಲು ಬಯಸಿದರೆ ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಉಳಿಯಲು ಬಯಸಿದವು.

ಭಾರತೀಯರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಉಲ್ಲೇಖಿಸಬೇಕು. ಬ್ರಿಟನ್ನಿನಲ್ಲಿ ವಾಸವಾಗಿದ್ದ ಕಾಮನ್‌ವೆಲ್ತ್ ದೇಶಗಳ ಪೌರರಿಗೆ ಈ ಜನಮತಗಣನೆಯಲ್ಲಿ ಮತಾಧಿಕಾರವಿತ್ತು. ಆದುದರಿಂದ ಅಲ್ಲಿ ನೆಲೆಸಿದ್ದ ಭಾರತದ ಪೌರರೂ ಮತ ಹಾಕಬಹುದಾಗಿತ್ತು. ಆದರೆ ಅದೇ ಬೀದಿಯಲ್ಲಿ ವಾಸವಾಗಿದ್ದ ಫ್ರಾನ್ಸ್ ಅಥವಾ ಪೋಲೆಂಡಿನ ಪೌರರಿಗೆ, ಫಲಿತಾಂಶವು ಯಾರ ಬದುಕನ್ನು ನೇರವಾಗಿ ತಟ್ಟುವುದಿತ್ತೋ ಅವರಿಗೆ, ಆ ಹಕ್ಕು ಇರಲಿಲ್ಲ.

ಸಂಸತ್ತಿನ ಅಧಿಕಾರದ ಪ್ರಶ್ನೆ

ಕ್ಯಾಮರಾನ್ ರಾಜೀನಾಮೆ ನೀಡಿ, 2016ರ ಜುಲೈ 13ರಂದು ಥೆರೆಸಾ ಮೇ ಪ್ರಧಾನಿಯಾದರು. ಲಿಸ್ಬನ್ ಒಪ್ಪಂದದ 50ನೆಯ ವಿಧಿಯಂತೆ ನಿರ್ಗಮನದ ನೋಟಿಸು ನೀಡಿದ ದಿನದಿಂದ ಎರಡು ವರ್ಷಗಳ ಗಡುವು ಆರಂಭವಾಗುತ್ತದೆ. ಸಂಸತ್ತನ್ನು ಕೇಳದೆಯೇ ನೋಟಿಸು ಕೊಡಲು ಸರ್ಕಾರ ಸಿದ್ಧವಾಗಿತ್ತು. ಜೀನಾ ಮಿಲ್ಲರ್ ಎಂಬ ಮಹಿಳೆ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2017ರ ಜನವರಿ 24ರಂದು ಸರ್ವೋಚ್ಚ ನ್ಯಾಯಾಲಯವು 8 ನ್ಯಾಯಮೂರ್ತಿಗಳ ಬಹುಮತದಿಂದ, 3 ನ್ಯಾಯಮೂರ್ತಿಗಳ ಭಿನ್ನಮತದೊಡನೆ, ಸಂಸತ್ತಿನ ಕಾನೂನಿಲ್ಲದೆ ನೋಟಿಸು ಕೊಡುವಂತಿಲ್ಲವೆಂದು ತೀರ್ಪಿತ್ತಿತು. ಆ ಬಳಿಕ ಮಸೂದೆಗೆ ಕಾಮನ್ಸ್ ಸಭೆ 494–122 ಮತಗಳಿಂದ ಒಪ್ಪಿಗೆ ನೀಡಿತು. ಮಾರ್ಚ್ 29ರಂದು ನೋಟಿಸು ಹೋಯಿತು. ಗಡುವು 2019ರ ಮಾರ್ಚ್ 29 ಎಂದು ನಿಗದಿಯಾಯಿತು.

ಇದಾದ ಮೇಲೆ ಮೇ ಅವರು ಹೆಚ್ಚಿನ ಬಹುಮತವನ್ನು ಬಯಸಿ 2017ರ ಜೂನ್ 8ರಂದು ಚುನಾವಣೆ ನಡೆಸಿದರು. ಇದ್ದ ಬಹುಮತವೂ ಕೈಬಿಟ್ಟಿತು. ಉತ್ತರ ಐರ್ಲೆಂಡಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ 10 ಸದಸ್ಯರ ಬೆಂಬಲವನ್ನು ಅವಲಂಬಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ಡೊಮಿನಿಕ್ ಗ್ರೀವ್ ಅವರ ತಿದ್ದುಪಡಿ 309–305 ಮತಗಳಿಂದ ಗೆದ್ದು, ಅಂತಿಮ ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಕಡ್ಡಾಯವಾಗಲು ದಾರಿಯಾಯಿತು. ಮುಂದಿನ ಎಲ್ಲ ಸಂಘರ್ಷಗಳಿಗೂ ಬೀಜವಾದದ್ದು ಈ ನಾಲ್ಕು ಮತಗಳ ಅಂತರವೇ.

ಮತದಾನದ ವಿಧಾನ

ಕಾಮನ್ಸ್ ಸಭೆಯಲ್ಲಿ 650 ಸ್ಥಾನಗಳಿವೆ. ಸಭಾಧ್ಯಕ್ಷರು ಮತ್ತು ಮೂವರು ಉಪಸಭಾಧ್ಯಕ್ಷರು ಮತ ಹಾಕುವುದಿಲ್ಲ. ಸಿನ್ ಫೇನ್ ಪಕ್ಷದವರು ಗೆದ್ದರೂ ಸಭೆಯಲ್ಲಿ ಕೂರುವುದಿಲ್ಲ; 2017ರಲ್ಲಿ ಗೆದ್ದ ಅವರ ಸಂಖ್ಯೆ 7. ಹೀಗಾಗಿ ಗೆಲುವಿಗೆ ಸುಮಾರು 320 ಮತಗಳು ಸಾಕಾಗುತ್ತಿದ್ದವು. ನಮ್ಮ ಲೋಕಸಭೆಯಲ್ಲಿರುವಂತೆ ಅಲ್ಲಿ ಗುಂಡಿ ಒತ್ತುವ ಪದ್ಧತಿಯಿಲ್ಲ. ಗಂಟೆ ಬಾರಿಸುತ್ತದೆ, ಎಂಟು ನಿಮಿಷಗಳೊಳಗೆ ಸದಸ್ಯರು 'ಹೌದು' ಅಥವಾ 'ಇಲ್ಲ' ಎಂಬ ಎರಡು ಓಣಿಗಳಲ್ಲೊಂದನ್ನು ನಡೆದು ದಾಟಬೇಕು, ತಲೆಗಳನ್ನು ಎಣಿಸಲಾಗುತ್ತದೆ. ಯಾರು ಯಾವ ಓಣಿಗೆ ಹೋದರೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪಕ್ಷದ ಆಜ್ಞೆಯನ್ನು ಮೀರುವವನು ತನ್ನವರ ಕಣ್ಣೆದುರಿನಲ್ಲಿಯೇ ಮೀರಬೇಕು. ಭಾರತದಲ್ಲಿರುವಂಥ ಪಕ್ಷಾಂತರ ನಿಷೇಧ ಕಾನೂನು ಅಲ್ಲಿಲ್ಲವಾದ್ದರಿಂದ ಆಜ್ಞೆ ಮೀರಿದವನ ಸ್ಥಾನ ಹೋಗುವುದಿಲ್ಲ.

ಐರ್ಲೆಂಡಿನ ಗಡಿ

ಒಪ್ಪಂದದ ಹಾದಿಯಲ್ಲಿ ಅತಿ ದೊಡ್ಡ ತೊಡಕಾದದ್ದು ಉತ್ತರ ಐರ್ಲೆಂಡ್ ಮತ್ತು ಐರ್ಲೆಂಡ್ ಗಣರಾಜ್ಯದ ನಡುವಿನ ಸುಮಾರು 500 ಕಿಲೋಮೀಟರ್ ಉದ್ದದ ಗಡಿ. ಮೂರು ದಶಕಗಳ ಹಿಂಸಾಚಾರದಲ್ಲಿ 3,500ಕ್ಕೂ ಹೆಚ್ಚು ಜನರು ಸತ್ತ ಮೇಲೆ 1998ರ ಶುಭ ಶುಕ್ರವಾರದ ಒಪ್ಪಂದದಿಂದ ಅಲ್ಲಿ ಶಾಂತಿ ನೆಲೆಸಿತ್ತು. ಗಡಿಯ ಕಾವಲು ಠಾಣೆಗಳು ಮಾಯವಾಗಿದ್ದವು. ಬ್ರಿಟನ್ ಏಕ ಮಾರುಕಟ್ಟೆಯನ್ನೂ ಸುಂಕ ಒಕ್ಕೂಟವನ್ನೂ ತೊರೆದರೆ ಸರಕುಗಳ ತನಿಖೆ ಎಲ್ಲಾದರೂ ನಡೆಯಲೇಬೇಕು. ನಮ್ಮಲ್ಲಿ 2017ರ ಜುಲೈನಲ್ಲಿ ಜಿಎಸ್‌ಟಿ ಬರುವವರೆಗೆ ರಾಜ್ಯಗಳ ಗಡಿ ಠಾಣೆಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಐರ್ಲೆಂಡಿನಲ್ಲಿ ತನಿಖಾ ಠಾಣೆಯೆಂದರೆ ಕೇವಲ ಕಾಲಹರಣವಲ್ಲ. ಆರಿದ ಕೆಂಡವನ್ನು ಕೆದಕಿದಂತೆ ಎಂಬ ಭಯವಿತ್ತು.

ಬೇರೆ ಪರಿಹಾರ ದೊರೆಯುವವರೆಗೆ ಇಡೀ ಬ್ರಿಟನ್ ಒಕ್ಕೂಟದೊಡನೆ ಒಂದೇ ಸುಂಕ ವಲಯದಲ್ಲಿ ಉಳಿಯಬೇಕೆಂಬ 'ಬ್ಯಾಕ್‌ಸ್ಟಾಪ್' ಏರ್ಪಾಡನ್ನು ಮೇ ಅವರ ಒಪ್ಪಂದ ಒಳಗೊಂಡಿತ್ತು. ಇದು ಕೊನೆಯಿಲ್ಲದ ಬಂಧನವೆಂದು ನಿರ್ಗಮನವಾದಿಗಳು ಆಕ್ಷೇಪಿಸಿದರು.

ಮೂರು ಸೋಲುಗಳು

2018ರ ನವೆಂಬರಿನಲ್ಲಿ ಸಿದ್ಧವಾದ ಒಪ್ಪಂದವನ್ನು ಡಿಸೆಂಬರಿನಲ್ಲಿ ಮತಕ್ಕೆ ಹಾಕಬೇಕಿತ್ತು. ಸೋಲು ಖಚಿತವೆಂದು ತಿಳಿದು ಮೇ ಮುಂದೂಡಿದರು. 2019ರ ಜನವರಿ 15ರಂದು ಒಪ್ಪಂದದ ಪರ 202, ವಿರುದ್ಧ 432 ಮತಗಳು ಬಿದ್ದವು. 230 ಮತಗಳ ಈ ಅಂತರ ಬ್ರಿಟಿಷ್ ಸರ್ಕಾರವೊಂದು ಕಾಮನ್ಸ್ ಸಭೆಯಲ್ಲಿ ಕಂಡ ಅತಿ ದೊಡ್ಡ ಸೋಲು. ಆಳುವ ಪಕ್ಷದ 118 ಮಂದಿಯೇ ವಿರುದ್ಧವಾಗಿದ್ದರು. ವಿಚಿತ್ರವೆಂದರೆ ಮರುದಿನದ ಅವಿಶ್ವಾಸ ಗೊತ್ತುವಳಿಯಲ್ಲಿ ಅದೇ ಸರ್ಕಾರ 325–306 ಮತಗಳಿಂದ ಉಳಿದುಕೊಂಡಿತು. ಸಭೆಗೆ ಪ್ರಧಾನಿಯ ಒಪ್ಪಂದ ಬೇಡವಾಗಿತ್ತು. ಆದರೆ ಆ ಪ್ರಧಾನಿಯನ್ನು ಇಳಿಸುವ ಬಹುಮತವೂ ಇರಲಿಲ್ಲ.

ಮಾರ್ಚ್ 12ರಂದು ಎರಡನೆಯ ಬಾರಿ 391–242 ಮತಗಳಿಂದ ಒಪ್ಪಂದ ಬಿದ್ದಿತು. ಒಂದೇ ಪ್ರಸ್ತಾಪವನ್ನು ಅದೇ ಅಧಿವೇಶನದಲ್ಲಿ ಬದಲಾವಣೆಯಿಲ್ಲದೆ ಮತ್ತೆ ತರುವಂತಿಲ್ಲವೆಂದು ಸಭಾಧ್ಯಕ್ಷ ಜಾನ್ ಬರ್ಕೊ ಅವರು 1604ರಷ್ಟು ಹಳೆಯ ಸಂಪ್ರದಾಯವನ್ನು ಎತ್ತಿ ಹೇಳಿದರು. ಮೂಲ ಗಡುವಿನ ದಿನವಾದ ಮಾರ್ಚ್ 29ರಂದೇ, ನಿರ್ಗಮನ ಒಪ್ಪಂದದ ಭಾಗವನ್ನಷ್ಟೇ ಬೇರ್ಪಡಿಸಿ ತಂದಾಗಲೂ 344–286 ಮತಗಳಿಂದ ಸೋಲಾಯಿತು. ಪಕ್ಷವು ಒಪ್ಪಂದವನ್ನು ಬೆಂಬಲಿಸಿದರೆ ತಾವು ಪದವಿ ಬಿಡುವುದಾಗಿ ಮೇ ಹೇಳಿದ್ದೂ ಫಲಿಸಲಿಲ್ಲ.

ಎಲ್ಲಕ್ಕೂ 'ಇಲ್ಲ'

ಹಾಗಾದರೆ ಸಭೆಗೆ ಬೇಕಾದದ್ದೇನು? ಇದನ್ನು ತಿಳಿಯಲು ಸದಸ್ಯರೇ ಕಾರ್ಯಸೂಚಿಯನ್ನು ಕೈಗೆ ತೆಗೆದುಕೊಂಡು ಮಾರ್ಚ್ 27ರಂದು ಎಂಟು ಆಯ್ಕೆಗಳನ್ನು ಮತಕ್ಕೆ ಹಾಕಿದರು. ಒಂದೂ ಗೆಲ್ಲಲಿಲ್ಲ. ಏಪ್ರಿಲ್ 1ರಂದು ನಾಲ್ಕನ್ನು ಮತ್ತೆ ಹಾಕಿದಾಗ ಸುಂಕ ಒಕ್ಕೂಟದ ಪ್ರಸ್ತಾಪ 276–273ರಲ್ಲಿ, ಕೇವಲ ಮೂರು ಮತಗಳಿಂದ ಸೋತಿತು. ಒಪ್ಪಂದವನ್ನು ಮತ್ತೆ ಜನರ ಮುಂದಿಡಬೇಕೆಂಬ ಪ್ರಸ್ತಾಪ 292–280ರಲ್ಲಿ ಸೋತಿತು. ಪ್ರತಿಯೊಂದು ಬಣವೂ ತನ್ನ ಮೊದಲ ಆಯ್ಕೆಗಾಗಿ ಕಾದು ಎರಡನೆಯದನ್ನು ಕೈಬಿಟ್ಟಿತೆಂಬುದು ಈ ಅಂಕಿಗಳಿಂದ ನಮಗೆ ತೋರುವ ತಾತ್ಪರ್ಯ. ಏಪ್ರಿಲ್ 3ರಂದು ತಿದ್ದುಪಡಿಯೊಂದಕ್ಕೆ 310–310 ಸಮಬಲ ಬಂದು ಸಭಾಧ್ಯಕ್ಷರ ನಿರ್ಣಾಯಕ ಮತದಿಂದ ಅದು ಬಿದ್ದಿತು. ಅದೇ ದಿನ, ಗಡುವು ವಿಸ್ತರಣೆಯನ್ನು ಕೇಳಲು ಪ್ರಧಾನಿಯನ್ನು ಬದ್ಧಗೊಳಿಸುವ ಮಸೂದೆ 313–312ರಲ್ಲಿ, ಒಂದೇ ಮತದಿಂದ ಗೆದ್ದಿತು. ಗಡುವು ಅಕ್ಟೋಬರ್ 31ಕ್ಕೆ ಹೋಯಿತು. ಮೇ 24ರಂದು ಪ್ರಧಾನಿ ರಾಜೀನಾಮೆಯ ನಿರ್ಧಾರ ಪ್ರಕಟಿಸಿದರು.

ಜಾನ್ಸನ್ ಅವರ ಹಾದಿ

ಜುಲೈ 24ರಂದು ಪ್ರಧಾನಿಯಾದ ಬೋರಿಸ್ ಜಾನ್ಸನ್ ಒಪ್ಪಂದವಿರಲಿ ಇಲ್ಲದಿರಲಿ ಅಕ್ಟೋಬರ್ 31ಕ್ಕೆ ನಿರ್ಗಮನ ಖಚಿತವೆಂದರು. ಸಂಸತ್ತಿನ ಅಧಿವೇಶನವನ್ನು ಐದು ವಾರಗಳ ಕಾಲ ಸ್ಥಗಿತಗೊಳಿಸಲು ರಾಣಿಗೆ ಸಲಹೆ ನೀಡಿದರು. ಸೆಪ್ಟೆಂಬರ್ 3ರಂದು ಸರ್ಕಾರ 328–301ರಲ್ಲಿ ಸೋತಿತು. ವಿರುದ್ಧ ಮತ ಹಾಕಿದ ಸ್ವಪಕ್ಷದ 21 ಸದಸ್ಯರನ್ನು ಸಂಸದೀಯ ಪಕ್ಷದಿಂದ ಹೊರಹಾಕಲಾಯಿತು. ಇವರಲ್ಲಿ ವಿನ್‌ಸ್ಟನ್ ಚರ್ಚಿಲ್ಲರ ಮೊಮ್ಮಗ ನಿಕೊಲಸ್ ಸೋಮ್ಸ್ ಅವರೂ ಇದ್ದರು. ಒಪ್ಪಂದವಿಲ್ಲದ ನಿರ್ಗಮನವನ್ನು ತಡೆಯುವ ಕಾನೂನು ಜಾರಿಯಾಯಿತು. ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಅಧಿವೇಶನ ಸ್ಥಗಿತ ಕಾನೂನುಬಾಹಿರವೆಂದು ಸಾರಿದರು.

ಅಕ್ಟೋಬರ್ 17ರಂದು ಹೊಸ ಒಪ್ಪಂದವಾಯಿತು. ಬ್ಯಾಕ್‌ಸ್ಟಾಪ್ ಹೋಗಿ, ತನಿಖೆಯ ಗೆರೆ ಗ್ರೇಟ್ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ನಡುವಿನ ಸಮುದ್ರಕ್ಕೆ ಸರಿಯಿತು. ಅಕ್ಟೋಬರ್ 22ರಂದು ಮಸೂದೆಯ ತತ್ತ್ವಕ್ಕೆ 329–299ರ ಒಪ್ಪಿಗೆ ದೊರೆತರೂ ಕೆಲವೇ ದಿನಗಳಲ್ಲಿ ಮುಗಿಸುವ ವೇಳಾಪಟ್ಟಿ 322–308ರಲ್ಲಿ ತಿರಸ್ಕೃತವಾಯಿತು. ಗಡುವು ಮತ್ತೆ 2020ರ ಜನವರಿ 31ಕ್ಕೆ ವಿಸ್ತರಿಸಿತು. ಡಿಸೆಂಬರ್ 12ರ ಚುನಾವಣೆಯಲ್ಲಿ ಜಾನ್ಸನ್ 365 ಸ್ಥಾನಗಳನ್ನು ಗೆದ್ದು ಗಂಟನ್ನು ಕಡಿದರು. ಜನವರಿ 9ರಂದು ಮಸೂದೆ 330–231ರಲ್ಲಿ ಅಂಗೀಕಾರವಾಯಿತು. ಜನವರಿ 31ರ ರಾತ್ರಿ 11 ಗಂಟೆಗೆ 47 ವರ್ಷಗಳ ಸದಸ್ಯತ್ವ ಕೊನೆಗೊಂಡಿತು. ವ್ಯಾಪಾರ ಒಪ್ಪಂದ 2020ರ ಡಿಸೆಂಬರ್ 24ರಂದು ಕುದುರಿತು. ಒಂದು ವಾರದೊಳಗೆ, 521–73 ಮತಗಳಿಂದ ಕಾಮನ್ಸ್ ಸಭೆ ಒಪ್ಪಿತು.

ಬಳಿಕದ ಪರಿಣಾಮಗಳು

ಸಮುದ್ರದ ಗೆರೆಯನ್ನು ವಿರೋಧಿಸಿ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ ಹೊರನಡೆದ ಕಾರಣ ಉತ್ತರ ಐರ್ಲೆಂಡಿನ ಸರ್ಕಾರ 2022ರ ಫೆಬ್ರವರಿಯಿಂದ ಎರಡು ವರ್ಷ ಸ್ತಬ್ಧವಾಯಿತು. 2023ರ ವಿಂಡ್ಸರ್ ಚೌಕಟ್ಟು ತನಿಖೆಗಳನ್ನು ಸಡಿಲಿಸಿತು. ಅದನ್ನು ಕುದುರಿಸಿದ ಪ್ರಧಾನಿ ರಿಷಿ ಸುನಕ್ 2016ರಲ್ಲಿ ನಿರ್ಗಮನವನ್ನು ಬೆಂಬಲಿಸಿದವರು. ಕನ್ನಡಿಗರು ಅವರನ್ನು ಇನ್ಫೋಸಿಸ್ ಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ದಂಪತಿಗಳ ಅಳಿಯನೆಂದು ಬಲ್ಲರು. ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ, ಒಕ್ಕೂಟದಲ್ಲಿ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ, ಶೇಕಡಾ 4ರಷ್ಟು ಕಡಿಮೆಯಾಗುವುದೆಂದು ಬ್ರಿಟನ್ನಿನ ಸ್ವತಂತ್ರ ಬಜೆಟ್ ಸಂಸ್ಥೆ ಅಂದಾಜಿಸಿದೆ. ಇನ್ನೊಂದೆಡೆ, ಸ್ವಂತ ವ್ಯಾಪಾರ ಒಪ್ಪಂದಗಳಿಗೆ ಸಹಿ ಹಾಕುವ ಸ್ವಾತಂತ್ರ್ಯ ಬ್ರಿಟನ್ನಿಗೆ ದೊರೆಯಿತು. 2025ರ ಜುಲೈ 24ರಂದು ಭಾರತದೊಡನೆ ಆದ ಒಪ್ಪಂದ ಅದರ ಫಲ.

ಉಪಸಂಹಾರ

ಭಾರತವೂ ಒಂದು ದೊಡ್ಡ ವ್ಯಾಪಾರ ಕೂಟದಿಂದ ಹಿಂದೆ ಸರಿದಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ, ಆರ್‌ಸಿಇಪಿ ಒಪ್ಪಂದಕ್ಕೆ ಸೇರುವುದಿಲ್ಲವೆಂದು ನಮ್ಮ ಸರ್ಕಾರ ತಿಳಿಸಿತು. ಅದು ಕಾರ್ಯಾಂಗದ ನಿರ್ಧಾರ. ಸಂಸತ್ತಿನಲ್ಲಿ ಮತದಾನ ನಡೆಯಲಿಲ್ಲ, ನಮ್ಮ ಪದ್ಧತಿಯಲ್ಲಿ ಅದರ ಅಗತ್ಯವೂ ಇರಲಿಲ್ಲ. ಸೇರುವ ಮುನ್ನ ನಿಲ್ಲುವುದು ಸುಲಭ. 47 ವರ್ಷ ಕೂಡಿ ಬಾಳಿದ ಮೇಲೆ ಬೇರೆಯಾಗುವುದು ಕಷ್ಟ ಎಂಬುದೂ ನಿಜ.

ಬ್ರಿಟನ್ನಿನ ಸಂಸತ್ತನ್ನು ಆ ದಿನಗಳಲ್ಲಿ ಜಗತ್ತು ನಕ್ಕು ನೋಡಿತು. ಆದರೆ ತಪ್ಪು ಕೇವಲ ಸಭೆಯದಲ್ಲವೆಂದು ನಾವು ಭಾವಿಸುತ್ತೇವೆ. ಜನರನ್ನು 'ಬೇಕೇ, ಬೇಡವೇ' ಎಂದು ಕೇಳಲಾಯಿತು; 'ಬೇಡ' ಎಂದರೆ ಮುಂದೇನು ಎಂಬುದನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಬರೆಯದೆ ಬಿಟ್ಟ ಆ ಉತ್ತರವನ್ನು 650 ಮಂದಿ ಓಣಿಗಳಲ್ಲಿ ನಡೆನಡೆದು ಹುಡುಕಬೇಕಾಯಿತು. ಅವರು ಹುಡುಕುತ್ತಿದ್ದಷ್ಟು ಕಾಲವೂ, ತಮ್ಮ ಮನೆ, ಕೆಲಸ, ಮಕ್ಕಳ ಶಾಲೆ ಮುಂದೆ ಏನಾದೀತೆಂದು ತಿಳಿಯದೆ ಲಕ್ಷಾಂತರ ವಲಸಿಗ ಕುಟುಂಬಗಳು ಕಾದು ಕುಳಿತಿದ್ದವು. ಹುಟ್ಟೂರಿನಿಂದ ದೂರ ನೆಲೆಸಿ ಬದುಕು ಕಟ್ಟಿಕೊಂಡ ನಮ್ಮಂಥವರು ಈ ಕಥನದಲ್ಲಿ ಮೊದಲು ಗುರುತಿಸಬೇಕಾದದ್ದು ಅವರನ್ನೇ.