ವಿದ್ಯಾರ್ಥಿವೇತನವೂ ಬಡವರ ಕಾಲೇಜು ಶಿಕ್ಷಣವೂ

ಬಡ ಮನೆಯ ಹುಡುಗನು ಕಾಲೇಜು ಸೇರುವನೇ ಇಲ್ಲವೇ ಎಂಬುದು ಅವನ ಬುದ್ಧಿಯೊಂದರಿಂದಲೇ ತೀರ್ಮಾನವಾಗುವ ಸಂಗತಿಯಲ್ಲ. ಪ್ರತಿಭೆಗೆಂದು ಕೊಡುವ ವಿದ್ಯಾರ್ಥಿವೇತನ ಎಷ್ಟು ಕಾಲ, ಯಾವ ನಿಬಂಧನೆಯ ಮೇಲೆ ದೊರೆಯುತ್ತದೆಂಬುದು ಅವನ ಹಾದಿಯನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ. ಕಳೆದ ಶತಮಾನದ ಇಬ್ಬರು ಮಹನೀಯರ ವಿದ್ಯಾರ್ಥಿಜೀವನದಿಂದ ಇದನ್ನು ವಿಚಾರಿಸೋಣ.

ಕುಂಭಕೋಣದ ಶ್ರೀನಿವಾಸ ರಾಮಾನುಜನ್ 1904ರಲ್ಲಿ ವಿದ್ಯಾರ್ಥಿವೇತನದೊಡನೆ ಅಲ್ಲಿಯ ಸರಕಾರಿ ಕಾಲೇಜನ್ನು ಸೇರಿದರು. ತಂದೆ ಸೀರೆ ಅಂಗಡಿಯ ಗುಮಾಸ್ತರು. ಸಂಬಳ ತಿಂಗಳಿಗೆ ಸುಮಾರು 20 ರೂಪಾಯಿ. ಕಾಲೇಜಿನ ಶುಲ್ಕವಾದರೋ ಒಂದು ಅವಧಿಗೆ 32 ರೂಪಾಯಿ. ಗಣಿತದಲ್ಲಿಯೇ ಮುಳುಗಿದ್ದ ರಾಮಾನುಜನ್ ಇಂಗ್ಲಿಷಿನಲ್ಲಿ ತೇರ್ಗಡೆಯಾಗಲಿಲ್ಲ, ವೇತನ ನಿಂತಿತು. ಕೆಲವು ತಿಂಗಳು ಹೇಗೋ ನೂಕಿ, 1905ರಲ್ಲಿ ಮನೆಯವರಿಗೆ ತಿಳಿಸದೆ ವಿಶಾಖಪಟ್ಟಣಕ್ಕೆ ಹೊರಟುಹೋದರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜನ್ನು ಸೇರಿದರೂ ಎಫ್.ಎ. ಪರೀಕ್ಷೆ ಕೈಗೂಡಲಿಲ್ಲ. ಆ ಕಾಲದಲ್ಲಿ ಕಾಸರಗೋಡು, ನೀಲಗಿರಿ, ಹೊಸೂರು, ಆದವಾನಿಗಳೂ ಮದರಾಸು ಪ್ರಾಂತದಲ್ಲಿಯೇ ಇದ್ದುವು. ಅಲ್ಲಿಯ ಕನ್ನಡ ಹುಡುಗರೂ ಅದೇ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಪರೀಕ್ಷೆಯನ್ನು ದಾಟಬೇಕಾಗಿತ್ತು.

1912ರಲ್ಲಿ ರಾಮಾನುಜನ್ ಮದರಾಸು ಬಂದರು ಕಚೇರಿಯಲ್ಲಿ 30 ರೂಪಾಯಿಯ ಗುಮಾಸ್ತರಾದರು. ಮರುವರ್ಷ ಅದೇ ಮದರಾಸು ವಿಶ್ವವಿದ್ಯಾನಿಲಯವು, ಪದವಿಯಿಲ್ಲದ ಅವರಿಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷದ ಸಂಶೋಧನವೇತನವನ್ನು ಕೊಟ್ಟಿತು. ಮೂರು ತಿಂಗಳಿಗೊಮ್ಮೆ ತಮ್ಮ ಕೆಲಸದ ವರದಿಯನ್ನು ಅವರು ಒಪ್ಪಿಸಬೇಕಾಗಿತ್ತು. ಇಂಗ್ಲಿಷ್ ಪರೀಕ್ಷೆ ಈ ಸಲ ಅಡ್ಡ ಬರಲಿಲ್ಲ.

ಇನ್ನು ಡಾ. ಅಂಬೇಡ್ಕರರ ಸಂಗತಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಯುವಷ್ಟರಲ್ಲಿ ತಂದೆಯ ಕೈ ಬರಿದಾಗಿತ್ತು. ಕೃಷ್ಣಾಜಿ ಅರ್ಜುನ ಕೇಳೂಸ್ಕರರು ಅವರನ್ನು ಬರೋಡೆಯ ಸಯಾಜಿರಾವ್ ಮಹಾರಾಜರ ಬಳಿಗೆ ಕರೆದೊಯ್ದರು. ಮಹಾರಾಜರು ಕೊಟ್ಟ ತಿಂಗಳ 25 ರೂಪಾಯಿಯಿಂದ ಬಿ.ಎ. ಮುಗಿಯಿತು. 1913ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ದೊರೆತು, ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ 1915ರಲ್ಲಿ ಎಂ.ಎ. ಪಡೆದರು. ಓದು ಮುಗಿಸಿ ಹತ್ತು ವರ್ಷ ಬರೋಡೆಯ ಸೇವೆ ಮಾಡಬೇಕೆಂಬುದು ಕರಾರು. ಅದು ಕಠಿಣವೇ, ಆದರೆ ಓದುವ ಕಾಲದ ಅನ್ನಕ್ಕೆ ಭರವಸೆಯಿತ್ತು. ವೇತನದ ಅವಧಿ ತೀರಿದಾಗ, 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಹಣ ಹೊಂದಿಸಿಕೊಂಡು ಅವರು ಮತ್ತೆ ಅಲ್ಲಿಗೆ ಹೋದದ್ದು 1920ರಲ್ಲಿ.

ಅಂಥವರನ್ನೂ ಓದಿನಿಂದ ಎಬ್ಬಿಸಿದ ಈ ಅನಿಶ್ಚಿತತೆ ಸಾಮಾನ್ಯ ಬಡ ವಿದ್ಯಾರ್ಥಿಯನ್ನು ಕಾಲೇಜಿನ ಅರ್ಜಿಯನ್ನೇ ಬರೆಯದಂತೆ ಮಾಡಿದರೆ ಆಶ್ಚರ್ಯವಿಲ್ಲ. ಮೊದಲ ವರ್ಷದ ಶುಲ್ಕ ಸಿಕ್ಕೀತು, ಎರಡನೆಯ ವರ್ಷಕ್ಕೇನು ಗತಿ ಎಂದು ಮನೆಯವರು ಕೇಳುತ್ತಾರೆ. 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನಕ್ಕೆ ನಾವು ಎಂಟನೆಯ ತರಗತಿಯ ಮಕ್ಕಳನ್ನು ಅಣಿಗೊಳಿಸುತ್ತೇವೆ. ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ; ಆದರೆ ಅದು 12ನೆಯ ತರಗತಿಗೆ ನಿಲ್ಲುತ್ತದೆ. ಕಾಲೇಜಿನ ಪ್ರಶ್ನೆ ಏಳುವುದು ಅಲ್ಲಿಯೇ. ಆದುದರಿಂದ ಗಡಿನಾಡಿನ ಉಪಾಧ್ಯಾಯರಾದ ನಾವು, ಆ ಮಕ್ಕಳು 12ನೆಯ ತರಗತಿಯಲ್ಲಿರುವಾಗಲೇ ಮುಂದಿನ ವೇತನ ಯಾವುದು, ಅದನ್ನು ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು ಎಂಬುದನ್ನು ಅವರಿಗೂ ತಂದೆತಾಯಿಗಳಿಗೂ ಕನ್ನಡದಲ್ಲಿ ತಿಳಿಯಹೇಳುವುದು ಅಗತ್ಯ.