ಕೌದಿ ಯಾರಿಗಾಗಿ

ಕೌದಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಡತನದಿಂದ ಶುರುಮಾಡುತ್ತಾರೆ. ಬಟ್ಟೆ ತುಟ್ಟಿಯಾಗಿದ್ದ ಕಾಲ, ಹರಿದದ್ದನ್ನೂ ಎಸೆಯುವಂತಿರಲಿಲ್ಲ, ಚಳಿಗೆ ಹೊದೆಯಲು ಬೇರೆ ಗತಿ ಇರಲಿಲ್ಲ; ಆದ್ದರಿಂದ ಹಳೇ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಹೊಲಿದರು ಎನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಮನೆಮನೆಯಲ್ಲೂ ಇದ್ದ ಕೌದಿಗಳ ಒಡಲಲ್ಲಿ ತುಂಬಿದ್ದು ಉಟ್ಟು ಸವೆದ ಬಟ್ಟೆಯೇ. ಆದರೆ ಈ ವಿವರಣೆ ಕೌದಿಗೆ ಬಟ್ಟೆ ಎಲ್ಲಿಂದ ಬಂತು ಎಂಬುದನ್ನಷ್ಟೇ ಹೇಳುತ್ತದೆ. ಅದರ ಮೇಲೆ ಸುರಿದ ಕೆಲಸ ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಆ ಕೆಲಸದ ಬಹುಪಾಲು ಚಳಿಗಾಗಿ ನಡೆದದ್ದಲ್ಲ, ಒಬ್ಬರಿಗೆ ಕೊಡುವುದಕ್ಕಾಗಿ ನಡೆದದ್ದು ಎಂಬುದು ನನ್ನ ವಾದ. ಕೊಡುವವರು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದನ್ನು ಬಿಟ್ಟರೆ ಕೌದಿಯ ಚರಿತ್ರೆ ಬರೀ ಚಿಂದಿಯ ಚರಿತ್ರೆಯಾಗಿಬಿಡುತ್ತದೆ.

ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಸುಗ್ಗಿ ಮುಗಿದು ಬಿಸಿಲು ಬಲಿತ ಮೇಲೆ ಪಡಸಾಲೆಯಲ್ಲೋ ಅಂಗಳದ ನೆರಳಲ್ಲೋ ಸೀರೆಯೊಂದನ್ನು ಹಾಸಿ, ಸುಕ್ಕು ಬರದಂತೆ ನಾಲ್ಕು ಮೂಲೆಗೂ ಕಲ್ಲು ಹೇರುತ್ತಾರೆ. ಅದರ ಮೇಲೆ ಒಗೆದು ಒಣಗಿಸಿದ ಹಳೇ ಬಟ್ಟೆಯ ಪದರಗಳು ಬರುತ್ತವೆ. ಎಲ್ಲಕ್ಕಿಂತ ಮೇಲೆ ಗಟ್ಟಿಯಾಗಿ ಉಳಿದ ಬಣ್ಣದ ತುಂಡುಗಳು: ಇಳಕಲ್ ಸೀರೆಯ ಅಂಚು, ಕುಪ್ಪಸದಿಂದ ಬಿಚ್ಚಿದ ಗುಳೇದಗುಡ್ಡದ ಖಣ, ಮಕ್ಕಳ ಅಂಗಿಯ ಬೆನ್ನು. ದಪ್ಪ ಸೂಜಿಗೆ ದಪ್ಪ ನೂಲು ಪೋಣಿಸಿ ಎಲ್ಲ ಪದರಗಳನ್ನೂ ಹಾಯ್ದು ಬರುವಂತೆ ಸಾಲುಸಾಲಾಗಿ ಹೊಲಿಯುತ್ತಾರೆ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಕ್ಕಾಲು ಇಂಚಿಗೊಂದು ಸಾಲು ಎಂದರೆ 80 ಸಾಲು. ಇಂಚಿಗೆ ಮೂರು ಹೊಲಿಗೆ ಎಂದರೂ ಒಟ್ಟು 20,000 ಮೀರುತ್ತದೆ. ಪದರಗಳು ಜರುಗದಂತೆ ಹಿಡಿದಿಡುವುದಷ್ಟೇ ಗುರಿಯಾಗಿದ್ದರೆ ನಾಲ್ಕು ಇಂಚಿಗೊಂದು ಸಾಲು ಸಾಕಿತ್ತು, 4,000 ಹೊಲಿಗೆಗಳೊಳಗೆ ಕೆಲಸ ಮುಗಿಯುತ್ತಿತ್ತು. ಹತ್ತಿರ ಹತ್ತಿರ ಹೊಲಿದರೆ ಒಗೆತಕ್ಕೆ ಬಾಳಿಕೆ ಬರುತ್ತದೆ ಎಂಬುದು ನಿಜ, ಹೆಚ್ಚಿನ ಹೊಲಿಗೆಯಲ್ಲಿ ಒಂದು ಪಾಲು ಅದಕ್ಕೆ ಸಲ್ಲುತ್ತದೆ. ಅಂಚಿನುದ್ದಕ್ಕೂ ಮಡಚಿ ಕೂಡಿಸಿದ ಮುಮ್ಮೂಲೆ ತುಂಡುಗಳ ಸಾಲಿಗೆ, ಕೆಂಪಿನ ಪಕ್ಕ ಹಸಿರೇ ಬರಬೇಕೆಂದು ಹುಡುಕಿ ಹಚ್ಚಿದ ತೇಪೆಗೆ, ನಡುವಿನ ಚೌಕಕ್ಕೆ ಬಾಳಿಕೆಯೂ ಕಾರಣವಲ್ಲ, ಬೆಚ್ಚಗಿರುವುದೂ ಕಾರಣವಲ್ಲ. ಹೊಲ, ದನ, ನೀರು, ಒಲೆ ಎಲ್ಲವನ್ನೂ ನೋಡಿಕೊಳ್ಳುವ ಹೆಂಗಸಿಗೆ ತೀರಾ ಕಡಿಮೆ ಇದ್ದದ್ದು ಬಿಡುವು. ಉಳಿತಾಯವೇ ಉದ್ದೇಶವಾಗಿದ್ದರೆ ಆಕೆ ಮೊದಲು ಉಳಿಸಬೇಕಾದದ್ದು ಅದನ್ನೇ.

ಬಡತನದ ವಿವರಣೆ ಬೇರೆ ನಾಡುಗಳಲ್ಲೂ ಪೂರ್ತಿ ನಿಂತಿಲ್ಲ. ಅಮೆರಿಕದಲ್ಲಿ ಹಳೇ ವಲಸೆಗಾರರ ಹೆಂಡಿರು ಬಟ್ಟೆಯ ಕೊರತೆಯಿಂದ ಚೂರು ಜೋಡಿಸಿ ಕ್ವಿಲ್ಟ್ ಹೊಲಿದರೆಂಬ ಕಥೆ ಬಹಳ ಕಾಲ ನಡೆದಿತ್ತು. ಆ ಕಾಲದ ಮನೆಗಳ ಆಸ್ತಿಪಟ್ಟಿಗಳನ್ನು ತೆಗೆದು ನೋಡಿದ ಸಂಶೋಧಕರಿಗೆ ಕಂಡದ್ದು ಬೇರೆ: ಮೊದಮೊದಲು ಕ್ವಿಲ್ಟುಗಳು ವಿರಳ, ಇದ್ದವೂ ಉಳ್ಳವರ ಮನೆಯಲ್ಲಿ. ಚೂರು ಜೋಡಿಸುವ ಕಲೆ ಊರೂರಿಗೆ ಹಬ್ಬಿದ್ದು 19ನೇ ಶತಮಾನದಲ್ಲಿ, ಗಿರಣಿಯ ಅಚ್ಚುಬಟ್ಟೆ ಅಗ್ಗವಾದ ಮೇಲೆ. 1840ರ ದಶಕದಲ್ಲಿ ಅಲ್ಲಿ ಜನಪ್ರಿಯವಾದದ್ದು ಹೆಸರು ಬರೆದ ಕ್ವಿಲ್ಟು. ಊರು ಬಿಟ್ಟು ಹೋಗುವವರಿಗಾಗಿ ಗೆಳತಿಯರು, ನೆಂಟರು ಒಂದೊಂದು ಚೌಕ ಹೊಲಿದು, ಅದರ ಮೇಲೆ ತಮ್ಮ ಹೆಸರು ಹಾಕಿ, ಎಲ್ಲವನ್ನೂ ಕೂಡಿಸಿ ಕೊಡುತ್ತಿದ್ದರು. ಇತ್ತ ಸಿಂಧ್ ಪ್ರಾಂತ್ಯದಲ್ಲಿ ರಲ್ಲಿ ಎಂಬ ತೇಪೆಯ ಹೊದಿಕೆ ಮದುವೆಯಲ್ಲಿ ಮಗಳ ಜೊತೆ ಕಳಿಸುವ ವಸ್ತು. ಮನೆಯಲ್ಲಿ ಮಡಚಿ ಪೇರಿಸಿಟ್ಟ ರಲ್ಲಿಗಳ ಎತ್ತರ ಆ ಮನೆಯ ಅನುಕೂಲದ ಗುರುತು. ಇಲ್ಲದವರ ಹೊದಿಕೆ ಮಾತ್ರವೇ ಆಗಿದ್ದರೆ ಅದನ್ನು ಪೇರಿಸಿಟ್ಟು ಬಂದವರಿಗೆ ತೋರಿಸುವ ರೂಢಿ ಹುಟ್ಟುತ್ತಿರಲಿಲ್ಲ.

ನಮ್ಮಲ್ಲಿ ಕೌದಿಗೆ ಅತಿ ದೊಡ್ಡ ಸಂದರ್ಭ ಬಾಣಂತನ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ಕೂಸಿನೊಂದಿಗೆ ಗಂಡನ ಮನೆಗೆ ಕಳಿಸುವಾಗ ತೊಟ್ಟಿಲು, ಕುಲಾವಿ, ಕುಂಚಿಗೆಗಳ ಜೊತೆ ಸಣ್ಣ ಕೌದಿಯೂ ಹೋಗುತ್ತದೆ. ಅದರಲ್ಲಿ ಅಜ್ಜಿಯ ಸೀರೆ ಇರುತ್ತದೆ, ಅಜ್ಜನ ಧೋತರ ಇರುತ್ತದೆ. ಎಳೇ ಕೂಸಿಗೆ ಹೊಸ ಬಟ್ಟೆ ಒರಟು. ನೂರು ಸಲ ಒಗೆದ ಹತ್ತಿ ಬಟ್ಟೆಯ ಮೆದುವು ಅಂಗಡಿಯಲ್ಲಿ ಸಿಗದು. ಆದರೆ ಮೆದುವಾದ ಹಳೇ ಬಟ್ಟೆ ಅತ್ತೆಯ ಮನೆಯಲ್ಲೂ ಇರುತ್ತದೆ. ತವರಿನದೇ ಆಗಬೇಕೆಂಬ ಹಟ ಎಲ್ಲಿಂದ ಬಂತು? ಮಗಳ ಮೇಲೆ, ಅವಳ ಕೂಸಿನ ಮೇಲೆ ತವರಿನ ಮೈ ತಾಗಿದ್ದೊಂದು ಇರಲಿ ಎಂಬ ಆಸೆಯಿಂದ ಬಂತು ಎನ್ನದೆ ಬೇರೆ ಉತ್ತರವಿಲ್ಲ. ಬಿಹಾರದ ಸುಜನಿ ಎಂಬ ಹೊದಿಕೆಯೂ ಇದೇ ನಂಬಿಕೆಯ ಮೇಲೆ ನಿಂತದ್ದು. ಹುಟ್ಟಿದ ಕೂಸನ್ನು ಹಳೇ ಸೀರೆಗಳ ಹೊಲಿಗೆಯಲ್ಲಿ ಸುತ್ತಿದರೆ ಅದಕ್ಕೆ ಕಾಪು ಎಂದು ಅಲ್ಲಿನವರು ತಿಳಿದಿದ್ದರು, ಚಿಂದಿಗೇ ಒಬ್ಬಳು ತಾಯಿಯಿದ್ದಾಳೆಂದು ಚಿತಿರಿಯಾ ಮಾ ಎಂಬ ದೇವಿಯನ್ನು ಪೂಜಿಸುತ್ತಿದ್ದರು. ಬಂಗಾಳದಲ್ಲಿ ಕಂಥಾ ಎಂಬ ಹೊದಿಕೆ ಹೊಲಿಯುವವರು ನೆನೆಯುವುದು ಚೈತನ್ಯರ ತಾಯಿ ಶಚೀದೇವಿಯನ್ನು. ಸಂನ್ಯಾಸಿಯಾಗಿ ಪುರಿಗೆ ಹೋದ ಮಗನಿಗೆ ಆಕೆ ಯಾತ್ರಿಕರ ಕೈಯಲ್ಲಿ ಕಂಥಾ ಕಳಿಸಿದಳೆಂದು ಹೇಳುತ್ತಾರೆ. ಎಲ್ಲ ಬಿಟ್ಟ ಮಗನಿಗೂ ಕೊಡಬಹುದಾದ ವಸ್ತು ಅದೊಂದೇ ಎಂದು ಆ ಕಥೆ ಹೇಳಿದವರಿಗೆ ತೋರಿರಬೇಕು.

ಇದಕ್ಕೆ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಉತ್ತರ ಕರ್ನಾಟಕದ ಕೌದಿಗಳನ್ನೆಲ್ಲ ಮನೆಯವರೇ ಹೊಲಿದರೆ? ಇಲ್ಲ. ಅಂಬಾಭವಾನಿಯ ಗೊಂದಳ ಹಾಕುವ ಗೊಂದಳಿಗರ ಹೆಂಗಸರು ಊರಿಂದೂರಿಗೆ ತಿರುಗಿ, ಕರೆದ ಮನೆಯ ಕಟ್ಟೆಯ ಮೇಲೆ ಕೂತು ಕೂಲಿಗೆ ಕೌದಿ ಹೊಲಿದುಕೊಟ್ಟವರು. ಕೂಲಿಗೆ ಆದ ಕೆಲಸವನ್ನು ಉಡುಗೊರೆ ಎಂದು ಹೇಗೆ ಕರೆಯುವುದು? ಬಟ್ಟೆ ಮನೆಯದು, ಯಾವ ಸೀರೆ ಒಳಗೆ ಹೋಗಬೇಕು, ಯಾವುದು ಮೇಲೆ ಕಾಣಬೇಕು ಎಂದು ತೀರ್ಮಾನಿಸುವವಳು ಮನೆಯಾಕೆ, ಕೌದಿ ಯಾರ ಮೈಮೇಲೆ ಹೋಗುತ್ತದೆಂಬುದು ಹೊಲಿಯುವ ಮುಂಚೆಯೇ ಗೊತ್ತು. ಮದುವೆಯ ಒಡವೆ ಅಕ್ಕಸಾಲಿಗನ ಕೈಯಿಂದ ಬಂದರೂ ಅದು ತಾಯಿ ಮಗಳಿಗೆ ಕೊಟ್ಟದ್ದೇ. ಇಷ್ಟು ಹೇಳಿದರೂ ನನಗೆ ಸಮಾಧಾನವಿಲ್ಲ. ಪ್ರೀತಿಯ ಉಡುಗೊರೆ ಎಂಬ ಮಾತಿನ ಹಿಂದೆ ಬೆನ್ನು ಬಗ್ಗಿಸಿ 20,000 ಹೊಲಿಗೆ ಹಾಕಿದ ಕೂಲಿಯವಳು ಕಾಣದೆ ಹೋಗಿದ್ದಾಳೆ. ಅಂಚಿನ ವಿನ್ಯಾಸ, ಸಾಲಿನ ನೇರ, ಬಣ್ಣದ ಜೋಡಣೆ ಅವಳ ವಿದ್ಯೆ. ಕೌದಿಯ ಚೆಲುವನ್ನು ಹೊಗಳುವವರು ಕೊಟ್ಟವಳ ಜೊತೆಗೆ ಅವಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ನಮಗೆ ಈಗ ನೋಡಸಿಗುವ ಹಳೇ ಕೌದಿ, ಕಂಥಾಗಳೆಲ್ಲ ಯಾರೋ ಜೋಪಾನ ಮಾಡಿದವು. ಜೋಪಾನ ಮಾಡುವುದು ಕೊಟ್ಟದ್ದನ್ನೇ. ನಿತ್ಯ ಬಳಸಿದವು ಹರಿದುಹೋದವು. ಹಾಗಿರುವಾಗ ಉಳಿದದ್ದನ್ನಷ್ಟೇ ನೋಡಿ ಕೌದಿ ಎಂದರೆ ಉಡುಗೊರೆ ಎನ್ನುವುದು ಸರಿಯೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬಂಡಿಯಲ್ಲಿ ಹಾಸಲಿಕ್ಕೆ, ಹೊಲದ ಕಾವಲಿಗೆ ಹೋಗುವವನ ಹೆಗಲಿಗೆ, ಬರೀ ನೆಲಕ್ಕೆ ಎಂದೇ ಒರಟಾಗಿ ಹೊಲಿದ ಕೌದಿಗಳು ಬಹಳ ಇದ್ದವು. ಅವು ಹರಿದ ಮೇಲೆ ಹೊಸ ಕೌದಿಯ ಒಳಪದರವಾದವು. ಆದ್ದರಿಂದ ಪ್ರತಿ ಕೌದಿಯೂ ಉಡುಗೊರೆ ಎಂದು ನಾನು ಹೇಳುವುದಿಲ್ಲ. ಒರಟು ಕೌದಿಗೂ ಕೂಸಿನ ಕೌದಿಗೂ ಬಟ್ಟೆ ಒಂದೇ, ಸೂಜಿ ಒಂದೇ. ಎರಡರ ನಡುವಿನ ವ್ಯತ್ಯಾಸವನ್ನು ಮಾಡಿದ್ದು ಪಡೆಯುವವರು ಎಂದಷ್ಟೇ ಹೇಳುತ್ತೇನೆ. ಒಂದೇ ಮನೆಯಲ್ಲಿ, ಒಂದೇ ಕೈ, ಒಂದೇ ಬೇಸಿಗೆಯಲ್ಲಿ ಒಂದನ್ನು ಹೇಗೋ ಹೊಲಿದು ಇನ್ನೊಂದನ್ನು ಕಣ್ಣು ಸೋಲುವಷ್ಟು ಹೊಲಿದಿದ್ದರೆ ಅದಕ್ಕೆ ಬಡತನ ಕಾರಣವಾಗಲಾರದು. ಬಡತನ ಎರಡಕ್ಕೂ ಸಮನಾಗಿತ್ತು.

ಈ ಮಾತಿಗೆ ಉತ್ತರ ಕನ್ನಡದ ಸಿದ್ದಿಯರ ಕವಂದಿ ಎಂಬ ಹೊದಿಕೆಗಿಂತ ದೊಡ್ಡ ಸಾಕ್ಷಿ ಬೇಡ. ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಬಾಳುತ್ತಿದೆ. ಇವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಷ್ಟು ತಡವಾಗಿ. ಬಹುಪಾಲು ಭೂಮಿಯಿಲ್ಲದ, ಪರರ ತೋಟ ಗದ್ದೆಗಳಲ್ಲಿ ದುಡಿದ ಜನ. ಬಡತನವೇ ಎಲ್ಲಕ್ಕೂ ಕಾರಣವಾಗಿದ್ದರೆ ಇವರ ಹೊದಿಕೆ ಅತ್ಯಂತ ಸರಳವಾಗಿರಬೇಕಿತ್ತು. ಆದದ್ದು ತದ್ವಿರುದ್ಧ. ಸಿದ್ದಿ ಹೆಂಗಸು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತು ಬರುತ್ತಾಳೆ. ತುಂಡುಗಳನ್ನು ಮುಂಚೆಯೇ ಕತ್ತರಿಸಿ ಜೋಡಿಸಿಟ್ಟಿರುವುದಿಲ್ಲ. ಹೊಲಿಯುತ್ತ ಹೋದ ಹಾಗೆ ಕೈಗೆ ಬಂದ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಹಿಂದಿನದರ ಮೇಲೆ ಕೂರಿಸಿ, ಸುತ್ತಿನ ಮೇಲೆ ಸುತ್ತು ಹಾಕಿ ನಡುವಿಗೆ ಬರುತ್ತಾಳೆ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಫುಲಾ ಇಡುತ್ತಾಳೆ. ಹೊದ್ದವರಿಗೆ ಅದರಿಂದ ಎಳ್ಳಷ್ಟೂ ಬೆಚ್ಚಗಾಗುವುದಿಲ್ಲ. ಆದರೆ ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಒಳಗೆ ನಾಲ್ಕು ಅಕ್ಕಿಕಾಳು ಹಾಕಿ ಹೊಲಿಯುವವರೂ ಇದ್ದಾರೆ, ಹೊದ್ದವರ ಹೊಟ್ಟೆ ತುಂಬಿರಲಿ ಎಂದು. ಸ್ವಂತ ನೆಲವಿಲ್ಲದವಳು ಮೊಮ್ಮಗುವಿಗೆ ಬಿಟ್ಟುಹೋಗಬಹುದಾದ ಆಸ್ತಿ ಇದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಕಂಡ ಮೇಲೆ, 2004ರಲ್ಲಿ ಸಿದ್ದಿ ಹೆಂಗಸರ ಹೊಲಿಗೆ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಮಾರಾಟಕ್ಕಿಳಿದ ಮೇಲೆ ಉಡುಗೊರೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಹೊದಿಕೆಯ ವ್ಯಾಪಾರ ಹೊಸದಲ್ಲ. 16 ಮತ್ತು 17ನೇ ಶತಮಾನಗಳಲ್ಲೇ ಬಂಗಾಳದ ಕುಶಲಿಗಳು ಪೋರ್ಚುಗೀಸರಿಗಾಗಿ ಹಳದಿ ರೇಷ್ಮೆ ದಾರದ, ಕೋಲ್ಚಾ ಎಂಬ ಹೊದಿಕೆಗಳನ್ನು ಹೊಲಿದು ಹಡಗು ಹತ್ತಿಸಿದ್ದರು. ಅವು ಹೊಸ ಬಟ್ಟೆಯ ಮೇಲೆ, ಕೊಳ್ಳುವವನು ಬಯಸಿದ ಚಿತ್ರಗಳೊಡನೆ ಆದವು. ಮನೆಯ ಹೆಂಗಸರ ಕಂಥಾ ಆ ವ್ಯಾಪಾರ ನಿಂತುಹೋದ ಮೇಲೂ ನಡೆದುಕೊಂಡು ಬಂತು, ಏಕೆಂದರೆ ಅದರ ಬೇರು ಸಂತೆಯಲ್ಲಿ ಇರಲಿಲ್ಲ. ಸಿದ್ದಿ ಹೆಂಗಸರು ಕವಂದಿಗೆ ಒಳ್ಳೆಯ ಬೆಲೆ ಪಡೆಯಲಿ, ಇನ್ನೂ ಹೆಚ್ಚು ಪಡೆಯಲಿ. ಮಾರುವ ಕವಂದಿ ಮೊಮ್ಮಗುವಿನ ಕವಂದಿಯನ್ನು ಕೊಲ್ಲುವುದಿಲ್ಲ.

ಅದನ್ನು ಕೊಲ್ಲುತ್ತಿರುವುದು ಬೇರೆ. ಸೀರೆಗಳು ಪಾಲಿಯೆಸ್ಟರ್ ಆದವು. ಆ ಬಟ್ಟೆ ಹಳತಾದರೂ ಮೆದುವಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರದ ಮೇಲೆ ಪದರ ಜಾರುತ್ತದೆ. ಸೊಲ್ಲಾಪುರದ ಚಾದರ, ರಗ್ಗು ಎಲ್ಲ ಸಂತೆಗೂ ಬಂದವು, ಒರಟು ಕೌದಿಯ ಕೆಲಸವನ್ನು ಅವು ಸಲೀಸಾಗಿ ಮಾಡಿದವು. ಹಾಗೆ ಹೋದದ್ದು ಗತಿಯಿಲ್ಲದೆ ಹೊಲಿಯುತ್ತಿದ್ದ ಕೌದಿ, ಅದಕ್ಕಾಗಿ ಅಳಬೇಕಿಲ್ಲ. ಕೊಡುವ ಕೌದಿ ಮಾತ್ರ ಇನ್ನೂ ಉಸಿರಾಡುತ್ತಿದೆ. ದೇವದಾಸಿ ಪದ್ಧತಿಯಿಂದ ಹೊರಬಂದ ಉತ್ತರ ಕರ್ನಾಟಕದ 3,000 ಹೆಂಗಸರು ತಮ್ಮ ನಡುವೆ ದುಡಿದ ಸುಧಾ ಮೂರ್ತಿಯವರಿಗೆ ಕೃತಜ್ಞತೆ ತೋರಿಸಲು ಆರಿಸಿಕೊಂಡದ್ದು ಒಬ್ಬೊಬ್ಬರೂ ಹೊಲಿಗೆ ಹಾಕಿದ ಹೊದಿಕೆಯನ್ನು. 2017ರಲ್ಲಿ ಬಂದ ಸುಧಾ ಮೂರ್ತಿಯವರ ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಸಿಕ್ಕಿದ್ದೂ ಆ 3,000 ಹೊಲಿಗೆಗಳಿಂದಲೇ. ಹಾರ, ಶಾಲು, ಫಲಕಗಳೆಲ್ಲ ಅಂಗಡಿಯಲ್ಲಿ ಸಿಗುವ ಕಾಲದಲ್ಲಿ ಅವರು ಸೂಜಿ ಹಿಡಿದರು.

ಇನ್ನೊಂದು ಕೆಲಸ ಬಾಕಿಯಿದೆ, ಅದು ನಮ್ಮ ಕೈಯಲ್ಲೇ ಇದೆ. ಕೋಲ್ಕತ್ತದ ಗುರುಸದಯ ಸಂಗ್ರಹಾಲಯದಲ್ಲಿ ಮಾನದಾಸುಂದರಿ ಎಂಬ ಹೆಣ್ಣುಮಗಳು 19ನೇ ಶತಮಾನದಲ್ಲಿ ತಂದೆಗಾಗಿ ಹೊಲಿದ ಕಂಥಾ ಇದೆ. ತನ್ನ ಹೆಸರನ್ನೂ, ಅದು ತಂದೆಗೆ ಕೊಟ್ಟದ್ದೆಂಬುದನ್ನೂ ಆಕೆ ದಾರದಲ್ಲೇ ಬರೆದಳು. ಆದ್ದರಿಂದ ಅದು ಯಾರದೆಂದು ಇವತ್ತಿಗೂ ನಮಗೆ ಗೊತ್ತು. ನಮ್ಮ ಕೌದಿಗಳಲ್ಲಿ ಆ ಅಕ್ಷರಗಳಿಲ್ಲ. ಹೊಲಿದವರಲ್ಲಿ ಬಹುತೇಕರಿಗೆ ಅಕ್ಷರ ಕಲಿಸಿರಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಕೌದಿಯಿದ್ದರೆ ಕೆಳಗಿಳಿಸಿ. ಬಲ್ಲ ಹಿರಿಯರು ಇರುವಾಗಲೇ ಕೇಳಿ: ಇದು ಯಾರ ಸೀರೆ, ಹೊಲಿದವರು ಯಾರು, ಯಾವ ಕೂಸಿಗೆಂದು ಹೊಲಿದರು. ಉತ್ತರವನ್ನು ಒಂದು ಬಿಳಿ ತುಂಡಿನ ಮೇಲೆ ಬರೆದು, ಅದನ್ನು ಕೌದಿಯ ಹಿಂಬದಿಗೆ ಹೊಲಿದುಬಿಡಿ. ಕೂಲಿಗೆ ಹೊಲಿದವಳ ಹೆಸರು ಗೊತ್ತಾದರೆ ಅದನ್ನು ಮೊದಲು ಬರೆಯಿರಿ.